ಪೀಕ್ ಕೆಳಗಿಳಿದರೆ ತಪ್ಪು ಆಕ್ಸಿಜನ್ನಿನದೇ? ಮ್ಯಾಂಗನೈಟ್ ಸ್ಯಾಂಪಲ್ಲಿನ ದೋಷ ಪತ್ತೆ

ದಾವಣಗೆರೆ, ಚಿತ್ರದುರ್ಗದ ಕಡೆ ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಮ್ಯಾಂಗನೈಟ್ ಪೆಲೆಟ್, ಅಂದರೆ ಮ್ಯಾಂಗನೀಸ್ ಆಕ್ಸೈಡಿನ ಪುಡಿ ಒತ್ತಿ ಸುಟ್ಟ ಬಿಲ್ಲೆ, ಮಾಡುವ ಹುಡುಗರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಲ್ಯಾಂಥನಮ್ 0.7 ಪಾಲು, ಕ್ಯಾಲ್ಸಿಯಂ 0.3 ಪಾಲು, ಮ್ಯಾಂಗನೀಸ್ 1 ಪಾಲು, ಆಕ್ಸಿಜನ್ 3 ಪಾಲು. ಅಂದರೆ ಎಲ್‌ಸಿಎಂಒ. ಎಕ್ಸ್‌ರೇಯಲ್ಲಿ ಎಲ್ಲ ಪೀಕೂ ಸರಿಯಾಗಿದೆ. ತಣಿಸುತ್ತಾ ಹೋದರೆ 250 ಕೆಲ್ವಿನ್ ಆಸುಪಾಸಿನಲ್ಲಿ ಅದು ಫೆರೋಮ್ಯಾಗ್ನೆಟ್ (ಕಬ್ಬಿಣದ ಹಾಗೆ ಮ್ಯಾಗ್ನೆಟ್‌ಗೆ ಅಂಟುವ ವಸ್ತು) ಆಗಬೇಕು, ಅಲ್ಲೇ ರೆಸಿಸ್ಟಿವಿಟಿ (ಕರೆಂಟಿಗೆ ಒಡ್ಡುವ ತಡೆ) ಒಂದು ಪೀಕ್ ಮುಟ್ಟಿ ಲೋಹದ ಹಾಗೆ ಇಳಿಯಬೇಕು. ಆದರೆ ಗ್ರಾಫಿನಲ್ಲಿ ಪೀಕ್ 200ಕ್ಕಿಂತ ಕೆಳಗೆ ಕೂತಿದೆ. ಕೆಲವರಿಗೆ ಪೀಕೇ ಇಲ್ಲ. 77 ಕೆಲ್ವಿನ್‌ವರೆಗೂ ರೆಸಿಸ್ಟಿವಿಟಿ ಏರುತ್ತಲೇ ಹೋಗುತ್ತದೆ.

"ಆಕ್ಸಿಜನ್ ಕಮ್ಮಿ ಆಗಿರ್ಬೇಕು ಬಿಡಿ" ಅನ್ನುವ ಮಾತು ಆಗ ತಕ್ಷಣ ಬರುತ್ತದೆ. ಇರಬಹುದು. ಆದರೆ ಅಳೆಯದೆ ಹಾಗೆ ಅಂದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತದೆ. ಇದೇ ಲಕ್ಷಣ ತೋರಿಸುವ ಬೇರೆ ದೋಷಗಳು ನಾಲ್ಕಾರು ಇವೆ. ಆಕ್ಸಿಜನ್ ದೋಷಕ್ಕೆ ಮಾತ್ರ ಎರಡು ಗುಣ ಇವೆ. ಒಂದು, ಅದನ್ನು ಒಂದು ಬ್ಯುರೆಟ್ ಇಟ್ಟುಕೊಂಡು ಅಳೆಯಬಹುದು. ಎರಡು, ಅದನ್ನು ವಾಪಸ್ ತರಬಹುದು. ಈ ಎರಡು ಪರೀಕ್ಷೆ ಮಾಡದೆ ಹೊಸ ಬ್ಯಾಚ್ ಹಾಕಬೇಡಿ.

ಆಕ್ಸಿಜನ್ನಿಗೆ ಇಷ್ಟು ಪವರ್ ಎಲ್ಲಿಂದ

1950ರಲ್ಲಿ ಹಾಲೆಂಡಿನ ಯೋಂಕರ್ ಮತ್ತು ವ್ಯಾನ್ ಸ್ಯಾಂಟೆನ್ ಈ ಮ್ಯಾಂಗನೈಟುಗಳು ಫೆರೋಮ್ಯಾಗ್ನೆಟ್ ಆಗುವುದನ್ನು ತೋರಿಸಿದರು. ಮರುವರ್ಷ ಝೀನರ್ ಅದಕ್ಕೆ ಕಾರಣ ಕೊಟ್ಟರು. ಮ್ಯಾಂಗನೀಸ್ 3+ ಅಯಾನಿನಲ್ಲಿ ನಾಲ್ಕು ಡಿ ಎಲೆಕ್ಟ್ರಾನ್, 4+ ನಲ್ಲಿ ಮೂರು. ಆ ನಾಲ್ಕನೆಯದು ನಡುವಿನ ಆಕ್ಸಿಜನ್ ಮೂಲಕ ಪಕ್ಕದ 4+ ಅಯಾನಿಗೆ ಹಾರುತ್ತದೆ. ಎರಡರ ಸ್ಪಿನ್ನೂ (ಎಲೆಕ್ಟ್ರಾನುಗಳ ಪುಟ್ಟ ಕಾಂತದ ದಿಕ್ಕು) ಒಂದೇ ಕಡೆಗಿದ್ದರೆ ಹಾರಾಟ ಸಲೀಸು. ಹಾಗಾಗಿ ಕರೆಂಟ್ ಹರಿಯುವುದೂ ಕಾಂತತೆ ಬರುವುದೂ ಒಟ್ಟಿಗೇ ಆಗುತ್ತದೆ. ಇದಕ್ಕೆ ಡಬಲ್ ಎಕ್ಸ್‌ಚೇಂಜ್ ಅನ್ನುತ್ತಾರೆ.

ಒಂದು ಆಕ್ಸಿಜನ್ ಜಾಗ ಬಿಟ್ಟು ಹೋದರೆ ತನ್ನ ಎರಡು ಎಲೆಕ್ಟ್ರಾನ್ ಇಲ್ಲೇ ಬಿಟ್ಟು ಹೋಗುತ್ತದೆ. ಎರಡು ಮ್ಯಾಂಗನೀಸ್ 4+ ಗಳು 3+ ಆಗುತ್ತವೆ. ಫಾರ್ಮುಲಾದಲ್ಲಿ ಆಕ್ಸಿಜನ್ 3 ರಿಂದ ಡೆಲ್ಟಾ ಅಷ್ಟು ಕಮ್ಮಿ ಇದ್ದರೆ 4+ ಪಾಲು 0.3 ರಿಂದ (ಅದು ಕ್ಯಾಲ್ಸಿಯಂ ಹಾಕಿದಷ್ಟೇ ಇರುತ್ತದೆ) ಎರಡು ಡೆಲ್ಟಾ ಕಳೆದಷ್ಟಾಗುತ್ತದೆ. ಡೆಲ್ಟಾ 0.05 ಅಂದುಕೊಳ್ಳಿ. ಮೂರರಲ್ಲಿ ಇಷ್ಟು ಅಂದರೆ ನೂರಕ್ಕೆ ಎರಡೂ ಇಲ್ಲ. ಆದರೆ 4+ ಪಾಲು 0.30 ರಿಂದ 0.20 ಕ್ಕೆ ಬಿತ್ತು. ಮೂರನೇ ಒಂದು ಭಾಗವೇ ಹೋಯಿತು! ಜತೆಗೆ ಆಕ್ಸಿಜನ್ ಇಲ್ಲದ ಕಡೆ ಹಾರಾಟದ ದಾರಿಯೇ ಕಟ್. ಹೀಗೆ ಎರಡು ಕಡೆಯಿಂದ ಏಟು ಬೀಳುತ್ತದೆ. ಅದಕ್ಕೇ ಇಷ್ಟು ಚಿಕ್ಕ ಕೊರತೆಗೆ ಗ್ರಾಫ್ ಅಷ್ಟೊಂದು ಕೆಡುವುದು.

ಸ್ಯಾಂಪಲ್ ಮುಟ್ಟುವ ಮೊದಲು ಥರ್ಮಾಮೀಟರ್ ನೋಡಿ

ಇದು ಬೇಗ ಮುಗಿಯುವ ಕೆಲಸ. ಸೆನ್ಸರನ್ನು ಐಸ್ ನೀರಿನಲ್ಲಿ ಅದ್ದಿ, 273 ಬರಬೇಕು. ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಅದ್ದಿ, 77 ಬರಬೇಕು. ತಣಿಸುವಾಗ ಒಂದು ಗ್ರಾಫ್, ಬಿಸಿ ಮಾಡುವಾಗ ಒಂದು ಗ್ರಾಫ್ ತೆಗೆಯಿರಿ. ಎರಡರ ಪೀಕ್ ನಡುವೆ ಹತ್ತು ಕೆಲ್ವಿನ್ ಅಂತರ ಬಂತು ಅಂದರೆ ಮೊದಲ ಅನುಮಾನ ಸೆನ್ಸರಿನ ಮೇಲೆ. ಅದು ಸ್ಯಾಂಪಲ್ಲಿನ ಹಿಂದೆ ಬಿದ್ದಿರುತ್ತದೆ. ನಿಧಾನ ಮಾಡಿ ನೋಡಿ. ಕರೆಂಟ್ 1 ಮಿಲಿಆಂಪ್ ಅಥವಾ ಅದಕ್ಕಿಂತ ಕಮ್ಮಿ ಇರಲಿ. ಪ್ರತಿ ಬಿಂದುವಿನಲ್ಲೂ ದಿಕ್ಕು ತಿರುಗಿಸಿ ಸರಾಸರಿ ತೆಗೆದುಕೊಳ್ಳಿ. ಎರಡು ತಂತಿಯಲ್ಲಿ ಅಳೆದಿದ್ದರೆ ಆ ಗ್ರಾಫನ್ನು ಮರೆತುಬಿಡಿ, ನಾಲ್ಕು ತಂತಿ ಹಾಕಿ.

ಲಿಕ್ವಿಡ್ ನೈಟ್ರೋಜನ್ ಸಿಗುವುದಿಲ್ಲ ಅಂತ ಸುಮ್ನೆ ಕೂರಬೇಡಿ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ನಳಿಕೆಗಳನ್ನು ಅದರಲ್ಲೇ ಇಡುತ್ತಾರೆ. ಅವರಿಗೆ ಯಾರು ತುಂಬಿಸಿ ಕೊಡುತ್ತಾರೆ ಅಂತ ವಿಚಾರಿಸಿದರೆ ದಾರಿ ಸಿಗುತ್ತದೆ.

ಎರಡು ತಾಪ ಪಕ್ಕಪಕ್ಕ ಇಡಿ

ರೆಸಿಸ್ಟಿವಿಟಿ ಪೀಕ್ ಎಲ್ಲಿದೆ ಅನ್ನುವುದು ಒಂದು. ಕ್ಯೂರಿ ತಾಪ, ಅಂದರೆ ಕಾಂತತೆ ಶುರುವಾಗುವ ಜಾಗ ಎಲ್ಲಿದೆ ಅನ್ನುವುದು ಇನ್ನೊಂದು. ಬರೀ ರೆಸಿಸ್ಟಿವಿಟಿ ನೋಡಿ ತೀರ್ಪು ಕೊಟ್ಟರೆ ಎಡವುತ್ತೀರಿ.

ಕ್ಯೂರಿ ತಾಪ 250 ರ ಹತ್ತಿರವೇ ಇದೆ, ಪೀಕ್ ಮಾತ್ರ 180 ಕ್ಕೆ ಇಳಿದಿದೆ, ರೆಸಿಸ್ಟಿವಿಟಿಯೂ ಜಾಸ್ತಿ ಇದೆ ಅಂದುಕೊಳ್ಳಿ. ಹಾಗಿದ್ದರೆ ಹರಳಿನ ಒಳಗೆ ಎಲ್ಲ ಸರಿ ಇದೆ. ತೊಂದರೆ ಕಣ ಕಣದ ನಡುವಿನ ಗಡಿಯಲ್ಲಿದೆ. ಸಾಲ್-ಜೆಲ್ ಪುಡಿಯನ್ನು (ದ್ರಾವಣದಿಂದ ಮಾಡಿದ ನುಣ್ಣನೆ ಪುಡಿ) ಕಡಿಮೆ ಶಾಖದಲ್ಲಿ ಸುಟ್ಟವರಿಗೆ ಇದು ಸಾಮಾನ್ಯ. ಕಣ ಚಿಕ್ಕದು, ಗಡಿ ಜಾಸ್ತಿ. ಇದಕ್ಕೆ 1200 ರಿಂದ 1300 ಡಿಗ್ರಿಯಲ್ಲಿ ಚೆನ್ನಾಗಿ ಸಿಂಟರ್ ಮಾಡುವುದೇ, ಅಂದರೆ ಕಣಗಳು ಬೆಸೆದುಕೊಳ್ಳುವ ಹಾಗೆ ಸುಡುವುದೇ ಮದ್ದು. ಆಕ್ಸಿಜನ್ ಸಿಲಿಂಡರ್ ತರಿಸುವ ಖರ್ಚು ಬೇಡ.

ಎರಡೂ ಒಟ್ಟಿಗೆ ಇಳಿದಿದ್ದರೆ, ಕ್ಯೂರಿ ತಾಪದ ತಿರುವೂ ಅಗಲವಾಗಿ ಹರಡಿದ್ದರೆ, ಆಗ ಹರಳಿನ ಒಳಗೇ ಏನೋ ಆಗಿದೆ. ಆಕ್ಸಿಜನ್ ಇರಬಹುದು, ಲೋಹಗಳ ಲೆಕ್ಕ ತಪ್ಪಿರಬಹುದು. ಮುಂದೆ ಓದಿ.

ಮ್ಯಾಗ್ನೆಟೋಮೀಟರ್ ಇಲ್ಲದವರಿಗೆ ಒಂದು ದಾರಿ ಇದೆ. ಪೆಲೆಟ್ ಚೂರನ್ನು ದಾರಕ್ಕೆ ಕಟ್ಟಿ ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿ, ತೆಗೆದು ಒಂದು ನಿಯೋಡಿಮಿಯಂ ಮ್ಯಾಗ್ನೆಟ್‌ಗೆ ಅಂಟಿಸಿ. ಒಳ್ಳೆ ಎಲ್‌ಸಿಎಂಒ ಟಕ್ ಅಂತ ಹಿಡಿದುಕೊಳ್ಳುತ್ತದೆ. ಬಿಸಿಯಾಗುತ್ತಾ ಬಂದ ಹಾಗೆ ಹಿಡಿತ ಸಡಿಲವಾಗಿ, ಕೊನೆಗೆ ಬಿಟ್ಟು ಬೀಳುತ್ತದೆ. ಗೊತ್ತಿರುವ ಒಳ್ಳೆ ಸ್ಯಾಂಪಲ್ಲಿನ ಅಷ್ಟೇ ದೊಡ್ಡ ಚೂರನ್ನು ಪಕ್ಕದಲ್ಲಿ ಇಟ್ಟು ಯಾವುದು ಮೊದಲು ಬೀಳುತ್ತದೆ ನೋಡಿ. ನಂಬರ್ ಸಿಗುವುದಿಲ್ಲ, ಸುಳಿವು ಸಿಗುತ್ತದೆ. ಕ್ಯಾಲ್ಸಿಯಂ ಬದಲು ಸ್ಟ್ರಾನ್ಷಿಯಂ ಹಾಕಿದವರಿಗೆ ಇನ್ನೂ ಸುಲಭ. ಅದರ ಕ್ಯೂರಿ ತಾಪ 370 ಕೆಲ್ವಿನ್ ಹತ್ತಿರ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 98 ಡಿಗ್ರಿಯಲ್ಲಿ, ಅಂದರೆ 371 ಕೆಲ್ವಿನ್. ಪ್ರನಾಳದಲ್ಲಿ ಪುಡಿ ಹಾಕಿ ಬಿಸಿ ನೀರಿನಲ್ಲಿ ಇಳಿಸಿ, ಹೊರಗಿನಿಂದ ಮ್ಯಾಗ್ನೆಟ್ ಹಿಡಿಯಿರಿ. ಒಳ್ಳೆಯದಾದರೆ ನೀರು ಕುದಿಯುವ ಹತ್ತಿರ ಬಂದಾಗ ಎಳೆತ ತೀರಾ ಸೋಲುತ್ತದೆ. 60 ಡಿಗ್ರಿಗೇ ಸೋತರೆ ಪುಡಿ ಕೆಟ್ಟಿದೆ ಅಂತ ತಿಳಿಯಿರಿ.

ಸ್ಯಾಂಪಲ್ಲಿನ ಚರಿತ್ರೆ ಕೇಳಿ

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. 0.3 ಕ್ಯಾಲ್ಸಿಯಂ ಇರುವ ಪೆಲೆಟನ್ನು ಗಾಳಿಯಲ್ಲೇ ಸುಟ್ಟು, ಗಾಳಿಯಲ್ಲೇ ನಿಧಾನ ತಣಿಸಿದ್ದರೆ, ಆಕ್ಸಿಜನ್ ಕೊರತೆ ಮೊದಲ ಅಪರಾಧಿ ಅಲ್ಲ. ಅಂಥ ಸ್ಯಾಂಪಲ್ಲಿನ ಆಕ್ಸಿಜನ್ ಸಾಮಾನ್ಯವಾಗಿ 3.00 ರ ಹತ್ತಿರವೇ ಇರುತ್ತದೆ. ಕೊರತೆ ಬರುವ ಸಂದರ್ಭಗಳೇ ಬೇರೆ. ವ್ಯಾಕ್ಯೂಮಿನಲ್ಲಿ ಅಥವಾ ಹೈಡ್ರೋಜನ್ ಬೆರೆಸಿದ ಗ್ಯಾಸಿನಲ್ಲಿ ಕಾಯಿಸಿದ್ದೀರಾ? ಗ್ರಾಫೈಟ್ ಅಚ್ಚಿನಲ್ಲಿಟ್ಟು ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಮಾಡಿಸಿದ್ದೀರಾ? ಕಡಿಮೆ ಆಕ್ಸಿಜನ್ ಒತ್ತಡದಲ್ಲಿ ತೆಳು ಫಿಲ್ಮ್ ಬೆಳೆಸಿದ್ದೀರಾ? ಇದರಲ್ಲಿ ಒಂದಕ್ಕಾದರೂ ಹೌದು ಅಂದರೆ ಅನುಮಾನ ಗಟ್ಟಿಯಾಗುತ್ತದೆ.

ಕ್ಯಾಲ್ಸಿಯಂ ಜಾಸ್ತಿ ಇರುವ ಸ್ಯಾಂಪಲ್ ಬೇರೆ ಜಾತಿ. ಬರೀ ಕ್ಯಾಲ್ಸಿಯಂ ಮ್ಯಾಂಗನೈಟಿನಲ್ಲಿ ಮ್ಯಾಂಗನೀಸ್ ಎಲ್ಲ 4+. ಅದು ಹೆಚ್ಚು ಶಾಖದಲ್ಲಿ ಗಾಳಿಯಲ್ಲಿದ್ದರೂ ಆಕ್ಸಿಜನ್ ಬಿಡುತ್ತದೆ, ತಣಿಯುವಾಗ ವಾಪಸ್ ತೆಗೆದುಕೊಳ್ಳುತ್ತದೆ. ಇಲ್ಲಿ ತಣಿಸುವ ವೇಗವೇ ರೆಸಿಪಿಯ ಅರ್ಧ. ರಾತ್ರಿ ಕರೆಂಟ್ ಹೋಗಿ ಪ್ರೋಗ್ರಾಮ್ ಪ್ರಕಾರ ಇಳಿಯಬೇಕಿದ್ದ ಫರ್ನೇಸ್ ತಾನೇ ಬೇಗ ತಣಿದುಬಿಟ್ಟರೆ ಆಕ್ಸಿಜನ್ ಪೂರ್ತಿ ವಾಪಸ್ ಬಂದಿರುವುದಿಲ್ಲ. ಆ ಪೆಲೆಟಿನಲ್ಲಿ ರೆಸಿಸ್ಟಿವಿಟಿ ಏರುವುದಿಲ್ಲ, ಇಳಿಯುತ್ತದೆ! ಉಳಿದ ಎಲೆಕ್ಟ್ರಾನುಗಳೇ ಅಲ್ಲಿ ಕರೆಂಟ್ ಹೊರುತ್ತವೆ. ಎಲ್‌ಸಿಎಂಒ ಲಕ್ಷಣ ನೋಡಿ ಕಲಿತವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಹಾಗಾಗಿ ಫರ್ನೇಸ್ ಲಾಗ್ ಪುಸ್ತಕದಲ್ಲಿ ಕರೆಂಟ್ ಹೋದ ಹೊತ್ತನ್ನೂ ಬರೆದಿಡಿ.

ಬ್ಯುರೆಟ್ ಹಿಡಿಯಿರಿ

ಎಕ್ಸ್‌ರೇ ಆಕ್ಸಿಜನ್ನನ್ನು ಸರಿಯಾಗಿ ಕಾಣುವುದಿಲ್ಲ. ಲ್ಯಾಂಥನಮ್ ಪಕ್ಕದಲ್ಲಿ ಅದು ತೀರಾ ಹಗುರ. ನ್ಯೂಟ್ರಾನಿಗೆ ಕಾಣುತ್ತದೆ, ಆದರೆ ಅದಕ್ಕೆ ಮುಂಬೈಯ ಟ್ರಾಂಬೆಯಲ್ಲಿರುವ ರಿಯಾಕ್ಟರ್‌ವರೆಗೆ ಹೋಗಬೇಕು. ಎಕ್ಸ್‌ಪಿಎಸ್ (ಎಕ್ಸ್‌ರೇ ಬಿಟ್ಟು ಹೊರಬರುವ ಎಲೆಕ್ಟ್ರಾನ್ ಅಳೆಯುವ ವಿಧಾನ) ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಎಲ್ಲ ಕೆಮಿಸ್ಟ್ರಿ ಲ್ಯಾಬಿನಲ್ಲೂ ಇರುವ ಅಯೋಡೋಮೆಟ್ರಿ, ಅಂದರೆ ಬಿಡುಗಡೆಯಾದ ಅಯೋಡಿನ್ನನ್ನು ಬ್ಯುರೆಟ್‌ನಿಂದ ಅಳೆಯುವ ಟೈಟ್ರೇಶನ್, ಮಾತ್ರ ಒಂದು ಮಧ್ಯಾಹ್ನದಲ್ಲಿ ಉತ್ತರ ಕೊಡುತ್ತದೆ.

ಪೆಲೆಟಿನ ಒಳಗಿನಿಂದ ತೆಗೆದ ನುಣ್ಣನೆ ಪುಡಿ 50 ಮಿಲಿಗ್ರಾಂ ತೂಗಿ. ನಾಲ್ಕು ದಶಾಂಶದ ತಕ್ಕಡಿಯೇ ಬೇಕು. ಅರ್ಧ ಮಿಲಿಗ್ರಾಂ ತಪ್ಪಿದರೆ ಡೆಲ್ಟಾದಲ್ಲಿ 0.006 ತಪ್ಪು ಬರುತ್ತದೆ. ಫ್ಲಾಸ್ಕಿಗೆ ಮೊದಲು ಪೊಟ್ಯಾಶಿಯಂ ಅಯೋಡೈಡ್, ನೀರು, ಪುಡಿ ಹಾಕಿ. ಆಸಿಡ್ ಕೊನೆಗೆ. ಈ ಕ್ರಮ ಮುಖ್ಯ. ಹೈಡ್ರೋಕ್ಲೋರಿಕ್ ಆಸಿಡ್ ಮೊದಲು ಹಾಕಿದರೆ ಮ್ಯಾಂಗನೀಸ್ ಕ್ಲೋರಿನ್ ಬಿಡಿಸುತ್ತದೆ, ಅದು ಗಾಳಿಗೆ ಹೋದರೆ ಲೆಕ್ಕ ಕಮ್ಮಿ ಬರುತ್ತದೆ. ಅಯೋಡೈಡ್ ಇದ್ದರೆ ಅದು ಅಯೋಡಿನ್ ಆಗಿ ಫ್ಲಾಸ್ಕಿನಲ್ಲೇ ಉಳಿಯುತ್ತದೆ.

ಆಸಿಡ್ ಬಿದ್ದ ಮೇಲೆ ಗಾಳಿಯ ಆಕ್ಸಿಜನ್ನೂ ಅಯೋಡೈಡನ್ನು ಅಯೋಡಿನ್ ಮಾಡುತ್ತದೆ. ನಾವು ಹುಡುಕುತ್ತಿರುವ ಆಕ್ಸಿಜನ್ನಿನ ಲೆಕ್ಕಕ್ಕೆ ಹೊರಗಿನದು ಸೇರಿಕೊಂಡರೆ ಹೇಗೆ? ನೈಟ್ರೋಜನ್ ಹರಿಸಿ. ಇಲ್ಲದಿದ್ದರೆ ಆಸಿಡ್ ಹಾಕಿದ ಕೂಡಲೇ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಮುಚ್ಚಿ. ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಕಪ್ಪು ಪುಡಿ ಪೂರ್ತಿ ಕರಗುವವರೆಗೆ ಕತ್ತಲೆಯಲ್ಲಿಡಿ. ಆಮೇಲೆ ಥಯೋಸಲ್ಫೇಟ್ ಬಿಡಿ. ಕಂದು ಬಣ್ಣ ತಿಳಿ ಹಳದಿಗೆ ಬಂದ ಮೇಲೆ ಮಾತ್ರ ಸ್ಟಾರ್ಚ್. ನೀಲಿ ಹೋದ ಹನಿಯೇ ಕೊನೆ. ಥಯೋಸಲ್ಫೇಟನ್ನು ಅದೇ ದಿನ ಪೊಟ್ಯಾಶಿಯಂ ಅಯೋಡೇಟಿನಿಂದ ಸ್ಟ್ಯಾಂಡರ್ಡ್ ಮಾಡಿ. ಪುಡಿ ಹಾಕದ ಒಂದು ಬ್ಲ್ಯಾಂಕ್ ಕೂಡ ಮಾಡಿ, ಆ ಓದನ್ನು ಕಳೆಯಿರಿ.

ಲೆಕ್ಕ ಸರಳ. ಥಯೋಸಲ್ಫೇಟ್ ಮೋಲುಗಳನ್ನು ಮ್ಯಾಂಗನೀಸ್ ಮೋಲುಗಳಿಂದ ಭಾಗಿಸಿ 2 ಸೇರಿಸಿದರೆ ಮ್ಯಾಂಗನೀಸಿನ ಸರಾಸರಿ ವೇಲೆನ್ಸಿ. ಎಲ್‌ಸಿಎಂಒಗೆ ಅದು 3.30 ಬಂದರೆ ಆಕ್ಸಿಜನ್ ಸರಿ ಇದೆ. 50 ಮಿಲಿಗ್ರಾಂಗೆ 0.02 ಮೋಲಾರ್ ಥಯೋಸಲ್ಫೇಟ್ 15.3 ಮಿಲಿಲೀಟರ್ ಬೀಳುತ್ತದೆ. ಡೆಲ್ಟಾ 0.05 ಆದರೆ ವೇಲೆನ್ಸಿ 3.20, ಬ್ಯುರೆಟ್ 14.2 ರಲ್ಲೇ ನಿಲ್ಲುತ್ತದೆ. 1.1 ಮಿಲಿಲೀಟರ್ ವ್ಯತ್ಯಾಸ, ಅಂದರೆ ಇಪ್ಪತ್ತಕ್ಕೂ ಹೆಚ್ಚು ಹನಿ. ಬರಿಗಣ್ಣಿಗೆ ಕಾಣುತ್ತದೆ. ಮೂರು ಸಲ ಮಾಡಿ, ಒಂದಕ್ಕೊಂದು 0.1 ಮಿಲಿಲೀಟರ್ ಒಳಗೆ ಬಂದರೆ ನಂಬಿ.

ಟಿಜಿಎ (ಕಾಯಿಸುತ್ತಲೇ ತೂಕ ನೋಡುವ ಯಂತ್ರ) ಇದ್ದವರು ಹೈಡ್ರೋಜನ್ ಬೆರೆಸಿದ ಆರ್ಗಾನಿನಲ್ಲಿ ಪೂರ್ತಿ ಅಪಕರ್ಷಿಸಿ ತೂಕ ನೋಡಬಹುದು. ಲ್ಯಾಂಥನಮ್ ಆಕ್ಸೈಡ್, ಕ್ಯಾಲ್ಸಿಯಂ ಆಕ್ಸೈಡ್, ಮ್ಯಾಂಗನೀಸ್ ಮೊನಾಕ್ಸೈಡ್ ಉಳಿಯುತ್ತವೆ. ಆಕ್ಸಿಜನ್ 3.00 ಇದ್ದರೆ ತೂಕ 4.90 ಶೇಕಡಾ ಇಳಿಯುತ್ತದೆ, 2.95 ಇದ್ದರೆ 4.54. ವ್ಯತ್ಯಾಸ ಸಣ್ಣದು, ಬೇಸ್‌ಲೈನ್ ಚೆನ್ನಾಗಿರಬೇಕು. ನನಗೆ ಬ್ಯುರೆಟ್ ಮೇಲೇ ಜಾಸ್ತಿ ನಂಬಿಕೆ.

ಆಕ್ಸಿಜನ್ ಜಾಸ್ತಿ ಆಗಿದ್ದರೆ

ಕ್ಯಾಲ್ಸಿಯಂ ಇಲ್ಲದ ಲ್ಯಾಂಥನಮ್ ಮ್ಯಾಂಗನೈಟ್ ಮಾಡುವವರ ದೂರು ಉಲ್ಟಾ. ಅದು 140 ಕೆಲ್ವಿನ್ ಕೆಳಗೆ ಆಂಟಿಫೆರೋಮ್ಯಾಗ್ನೆಟ್ (ಒಳಗಿನ ಕಾಂತಗಳು ಎದುರುಬದುರಾಗಿ ಒಂದನ್ನೊಂದು ಅಳಿಸುವ ವಸ್ತು) ಆಗಬೇಕಿತ್ತು, ನೋಡಿದರೆ ಬಲವಾದ ಫೆರೋಮ್ಯಾಗ್ನೆಟ್ ಬಂದಿದೆ. ಗಾಳಿಯಲ್ಲಿ ಸಾವಿರ ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಅದರ ಆಕ್ಸಿಜನ್ 3.1 ದಾಟುತ್ತದೆ. ನಿಜ ಹೇಳಬೇಕೆಂದರೆ ಈ ರಚನೆಯಲ್ಲಿ ಹೆಚ್ಚುವರಿ ಆಕ್ಸಿಜನ್ ಕೂರಲು ಜಾಗವೇ ಇಲ್ಲ. ಆಕ್ಸಿಜನ್ ತನ್ನ ಜಾಗ ತುಂಬಿಕೊಳ್ಳುತ್ತದೆ, ಲ್ಯಾಂಥನಮ್ ಮತ್ತು ಮ್ಯಾಂಗನೀಸಿನ ಜಾಗಗಳು ಖಾಲಿ ಬೀಳುತ್ತವೆ. ಫಾರ್ಮುಲಾದಲ್ಲಿ 3.15 ಅಂದರೆ ಎರಡು ಲೋಹಕ್ಕೂ ನೂರರಲ್ಲಿ ಸುಮಾರು ಐದು ಜಾಗ ಖಾಲಿ.

ಆಗಲೂ 4+ ಪಾಲು 0.30. ಎಲ್‌ಸಿಎಂಒದಷ್ಟೇ! ಆದರೂ ಅದರ ಹಾಗೆ ಲೋಹವಾಗಿ ಹರಿಯುವುದಿಲ್ಲ, ಕ್ಯೂರಿ ತಾಪವೂ ಅಷ್ಟು ಮೇಲೇರುವುದಿಲ್ಲ. ಖಾಲಿ ಬಿದ್ದ ಮ್ಯಾಂಗನೀಸ್ ಜಾಗಗಳು ಹಾರಾಟದ ಸರಪಳಿಯನ್ನು ಅಲ್ಲಲ್ಲಿ ಕಡಿದಿರುತ್ತವೆ. ಬರೀ 4+ ಲೆಕ್ಕ ಹಾಕಿ ಗುಣ ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಪತ್ತೆ ಸುಲಭ. ಆಕ್ಸಿಜನ್ ಸರಿ ಇರುವ ಸ್ಯಾಂಪಲ್ ಆರ್ಥೋರೋಂಬಿಕ್, ಜಾಸ್ತಿ ಇರುವುದು ರೋಂಬೋಹೆಡ್ರಲ್. ತಾಮ್ರದ ಎಕ್ಸ್‌ರೇಯಲ್ಲಿ 32 ರಿಂದ 33 ಡಿಗ್ರಿ ನಡುವಿನ ದೊಡ್ಡ ಪೀಕ್ ಹೇಗೆ ಸೀಳಿದೆ ನೋಡಿದರೆ ಗೊತ್ತಾಗುತ್ತದೆ. ಆರ್ಗಾನ್ ಹರಿವಿನಲ್ಲಿ ಕಾಯಿಸಿದರೆ ಈ ಹೆಚ್ಚುವರಿ ಇಳಿಯುತ್ತದೆ.

ಆಕ್ಸಿಜನ್ ವೇಷ ಹಾಕುವ ಬೇರೆ ದೋಷಗಳು

ಮೊದಲ ಅನುಮಾನ ಲ್ಯಾಂಥನಮ್ ಆಕ್ಸೈಡ್ ಬಾಟಲಿಯ ಮೇಲೆ. ಅದು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕುಡಿಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿ ಹೈಡ್ರಾಕ್ಸೈಡ್ ಆಗಿರುತ್ತದೆ. ಪೂರ್ತಿ ಆಗಿದ್ದರೆ ನೀವು ತೂಗಿದ್ದರಲ್ಲಿ ಲ್ಯಾಂಥನಮ್ 14 ಶೇಕಡಾ ಕಮ್ಮಿ. ತೂಗುವ ಮೊದಲು 900 ರಿಂದ 1000 ಡಿಗ್ರಿಯಲ್ಲಿ ಒಂದು ರಾತ್ರಿ ಕಾಯಿಸಿ, ಡೆಸಿಕೇಟರಿನಲ್ಲಿ ತಣಿಸಿ ತಕ್ಷಣ ತೂಗಿ. ಮ್ಯಾಂಗನೀಸ್ ಡೈಆಕ್ಸೈಡ್ ಕೂಡ ಲೇಬಲ್ ಹೇಳಿದ ಹಾಗೆ ಇರುವುದಿಲ್ಲ. 700 ಡಿಗ್ರಿಯಲ್ಲಿ ಕಾಯಿಸಿ, 3+ ಆಕ್ಸೈಡ್ ಮಾಡಿಕೊಂಡು ಅದನ್ನೇ ತೂಗಿ. ಚಿತ್ರದುರ್ಗದ ಶಿಲಾಪಟ್ಟಿಯ ಅದಿರನ್ನೇ ಪುಡಿ ಮಾಡಿ ಬಳಸುವ ಆಸೆ ಕೆಲವರಿಗೆ ಇರುತ್ತದೆ. ನಮ್ಮೂರ ಕಲ್ಲಿನ ಮೇಲೆ ಪ್ರೀತಿ ಇರಲಿ, ಆದರೆ ಅದರಲ್ಲಿ ಕಬ್ಬಿಣ ಇರುತ್ತದೆ. ಮ್ಯಾಂಗನೀಸ್ ಜಾಗಕ್ಕೆ ಕಬ್ಬಿಣ ಸೇರಿದರೆ ಕ್ಯೂರಿ ತಾಪ ಬೀಳುತ್ತದೆ.

ಎರಡನೆಯದು ಅಲ್ಯೂಮಿನಾ ಕ್ರೂಸಿಬಲ್. 1300 ಡಿಗ್ರಿಯಲ್ಲಿ ಅದರ ಅಲ್ಯೂಮಿನಿಯಂ ಪೆಲೆಟಿಗೆ ಸೇರಬಹುದು. ಲಕ್ಷಣ ತದ್ರೂಪು ಆಕ್ಸಿಜನ್ ಕೊರತೆಯದೇ. ಪೆಲೆಟನ್ನು ಅದೇ ಪುಡಿಯ ಹಾಸಿನ ಮೇಲಿಡಿ.

ಇನ್ನು 43 ಕೆಲ್ವಿನ್ ಹತ್ತಿರ ಕಾಣುವ ಉಬ್ಬು. ಇದನ್ನು ನೋಡಿ ಹೊಸ ಕಾಂತ ಬದಲಾವಣೆ ಸಿಕ್ಕಿತು ಅಂದುಕೊಳ್ಳುವವರಿದ್ದಾರೆ. ಕಾರಣ ಎರಡೇ ಇರಬಹುದು. ಉಳಿದುಹೋದ ಮ್ಯಾಂಗನೀಸಿನ ಎಂಎನ್3ಒ4 ಆಕ್ಸೈಡ್ ಸುಮಾರು 42 ಕೆಲ್ವಿನ್ನಿನಲ್ಲಿ ಫೆರಿಮ್ಯಾಗ್ನೆಟ್ (ಅದೂ ಒಂದು ಬಗೆಯ ಮ್ಯಾಗ್ನೆಟ್ಟೇ) ಆಗುತ್ತದೆ. ಇಲ್ಲವೇ ಮ್ಯಾಗ್ನೆಟೋಮೀಟರ್ ಒಳಗೆ ಗಾಳಿ ಸೇರಿ, ಅದರ ಆಕ್ಸಿಜನ್ ಗಟ್ಟಿಯಾಗಿ, 43.8 ಕೆಲ್ವಿನ್ನಿನಲ್ಲಿ ತನ್ನ ರೂಪ ಬದಲಿಸುತ್ತದೆ. ಬೇರ್ಪಡಿಸುವುದು ಹೀಗೆ: ಸ್ಯಾಂಪಲ್ ಕೋಣೆಯನ್ನು ಹೀಲಿಯಂನಿಂದ ಹಲವು ಸಲ ತೊಳೆದು ಮತ್ತೆ ಅಳೆಯಿರಿ. ಉಬ್ಬು ಹೋದರೆ ಗಾಳಿ, ಅಲ್ಲೇ ಇದ್ದರೆ ಎಂಎನ್3ಒ4. ಎರಡನೆಯದಾದರೆ ಲ್ಯಾಂಥನಮ್ ಕಮ್ಮಿ ಬಿದ್ದಿದೆ ಅಂತ ಅರ್ಥ. ಬಾಟಲಿಯ ಕಡೆ ವಾಪಸ್ ಹೋಗಿ. ಆ ಸ್ಯಾಂಪಲ್ಲಿನ ಅಯೋಡೋಮೆಟ್ರಿ ಲೆಕ್ಕವೂ ಆಗ ಕೆಡುತ್ತದೆ, ಬೇರೆ ಆಕ್ಸೈಡಿನ ಮ್ಯಾಂಗನೀಸ್ ಕೂಡ ಅದರಲ್ಲಿ ಸೇರಿಕೊಂಡಿರುತ್ತದೆ. ಬೆಂಗಳೂರಿಗೆ ಸ್ಯಾಂಪಲ್ ಕಳಿಸಿ ಅಳೆಸುವವರು ಹೀಲಿಯಂನಿಂದ ತೊಳೆದು ಅಳೆಯಿರಿ ಅಂತ ಚೀಟಿಯಲ್ಲೇ ಬರೆದು ಕಳಿಸಿ.

ವಾಪಸ್ ತರುವ ಪರೀಕ್ಷೆ

ಟೈಟ್ರೇಶನ್ ಕೊರತೆ ತೋರಿಸಿದರೆ ಪೆಲೆಟನ್ನು ಎರಡು ತುಂಡು ಮಾಡಿ. ಒಂದನ್ನು ಹಾಗೇ ಇಡಿ. ಇನ್ನೊಂದನ್ನು ಆಕ್ಸಿಜನ್ ಹರಿವಿನಲ್ಲಿ 900 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ಗಂಟೆಗೆ 50 ಡಿಗ್ರಿಯಂತೆ ತಣಿಸಿ. ತಾಪ ಇಳಿದಷ್ಟೂ ಆಕ್ಸೈಡಿಗೆ ಆಕ್ಸಿಜನ್ ಮೇಲೆ ಆಸೆ ಜಾಸ್ತಿ, ಆದರೆ ಒಳಗೆ ಸಾಗುವ ವೇಗ ಕಮ್ಮಿ. ಅದಕ್ಕೇ ನಿಧಾನ ಬೇಕು. ಎರಡು ತುಂಡನ್ನೂ ಒಂದೇ ದಿನ ಅಳೆಯಿರಿ. ಕಾಯಿಸಿದ ತುಂಡಿನ ಕ್ಯೂರಿ ತಾಪ, ಪೀಕ್, ವೇಲೆನ್ಸಿ ಮೂರೂ ಒಟ್ಟಿಗೆ ಮೇಲೆ ಬಂದರೆ ದೋಷ ಆಕ್ಸಿಜನ್ನಿನದೇ. ಯಾವುದೂ ಅಲುಗಾಡದಿದ್ದರೆ ಅಲ್ಯೂಮಿನಿಯಂ, ಕಬ್ಬಿಣ ಅಥವಾ ಲ್ಯಾಂಥನಮ್ ಲೆಕ್ಕ. ಅವು ಯಾವ ಗ್ಯಾಸಿಗೂ ಜಗ್ಗುವುದಿಲ್ಲ.

ಸ್ವಲ್ಪ ಮಾತ್ರ ಮೇಲೆ ಬಂದರೆ? ಪೆಲೆಟ್ ತೀರಾ ಗಟ್ಟಿಯಾಗಿದ್ದರೆ ಹಾಗಾಗುತ್ತದೆ. ಮ್ಯಾಂಗನೈಟ್ ಒಳಗೆ ಆಕ್ಸಿಜನ್ ಬಹಳ ನಿಧಾನ ಹೋಗುತ್ತದೆ. ಅಂಚಿನ ಪುಡಿ, ನಡುವಿನ ಪುಡಿ ಬೇರೆಬೇರೆ ಟೈಟ್ರೇಟ್ ಮಾಡಿ. ಅಂಚಿನಲ್ಲಿ 3.29, ನಡುವೆ 3.22 ಅಂತ ಬಂದರೆ ಪೆಲೆಟ್ ಪುಡಿ ಮಾಡಿ, ಪುಡಿಯನ್ನೇ ಆಕ್ಸಿಜನ್ನಿನಲ್ಲಿ ಕಾಯಿಸಿ, ಮತ್ತೆ ಒತ್ತಿ ಗಾಳಿಯಲ್ಲಿ ಸಿಂಟರ್ ಮಾಡಿ. ಸಿಲಿಂಡರ್ ವೆಲ್ಡಿಂಗ್ ಗ್ಯಾಸ್ ಮಾರುವವರಲ್ಲಿ ಸಿಗುತ್ತದೆ, ಆ ಶುದ್ಧತೆ ಈ ಕೆಲಸಕ್ಕೆ ಸಾಕು. ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ, ಆಕ್ಸಿಜನ್ ಒತ್ತಡದಲ್ಲಿ ಅದು ಹೊತ್ತಿಕೊಳ್ಳುತ್ತದೆ. ಫರ್ನೇಸ್ ಟ್ಯೂಬಿನಿಂದ ಹೊರಬರುವ ಗ್ಯಾಸನ್ನು ಒಂದು ನೀರಿನ ಬಾಟಲಿಯ ಮೂಲಕ ಬಿಡಿ. ಗುಳ್ಳೆ ಬರುತ್ತಿದೆಯಾ ಅಂತ ರಾತ್ರಿ ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ನೋಡಿ. ಗುಳ್ಳೆ ನಿಂತಿದ್ದರೆ ಆ ಓಟವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮತ್ತೆ ಶುರು ಮಾಡಿ.